ಗುಂಡು ತಾಗದ ಅಂಗಿಯ ಜೊತೆ ಟೆಕ್ಸಾಸಿನಲ್ಲಿ

ಹ್ಯೂಸ್ಟನ್

ಹ್ಯೂಸ್ಟನ್ನಿನಲ್ಲಿ ನೋಡತಕ್ಕದ್ದು ಬೇಕಾದಷ್ಟಿದೆ ಎಂದು ಹೊರಡುವ ಮುಂಚೆ ಎಲ್ಲರೂ ಹೇಳಿದ್ದರು. ಇದೆ. ನೋಡಿದೆ. ಕ್ಲಿಯರ್ ಲೇಕಿನಲ್ಲಿ ಚಂದ್ರನಿಗೆ ಹೋಗುವ ರಾಕೆಟ್ಟನ್ನು ಅಡ್ಡ ಮಲಗಿಸಿಟ್ಟಿದ್ದಾರೆ. ನೆಟ್ಟಗೆ ನಿಲ್ಲಿಸಿದರೆ ಹೇಳದೆ ಕೇಳದೆ ಹೊರಟುಬಿಡಬಹುದೆಂಬ ಮುನ್ನೆಚ್ಚರಿಕೆ ಇರಬೇಕು. ಅದರ ವರ್ಣನೆಗೆ ನನಗಿಂತ ಅರ್ಹರು ಇದ್ದಾರೆ. ನಾನು ಬರೆಯಹೊರಟಿರುವುದು ಒಂದು ಅಂಗಿಯ ಸಮಾಚಾರ.

ನಾವು ಇಳಿದುಕೊಂಡದ್ದು ಸ್ಟಾಫರ್ಡಿನಲ್ಲಿ, ನನ್ನ ನಾದಿನಿಯ ಮನೆಯಲ್ಲಿ. ಅವಳ ಗಂಡ ವಸಂತ ಹೃದಯದ ಆಪರೇಷನ್ ಮಾಡುತ್ತಿದ್ದ ಡಾಕ್ಟರು, ಈಗ ನಿವೃತ್ತ. ನಾನೂ ನಿವೃತ್ತ, ಸಬ್ ರಿಜಿಸ್ಟ್ರಾರು. ಅವನು ಜನರ ಎದೆ ಬಿಚ್ಚಿ ನೋಡಿದವನು. ನಾನು ಎದೆ ಮುಟ್ಟಿಕೊಂಡು ಸುಳ್ಳು ಹೇಳುವವರನ್ನು ನೋಡಿದವನು. ಹಾಗಾಗಿ ಮನುಷ್ಯಜಾತಿಯ ಬಗ್ಗೆ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಪಕ್ಕದ ರಸ್ತೆಯಲ್ಲಿ ರೆಮಿ ಎಂಬಾಕೆ ಇದ್ದಾಳೆ. ಫಿಲಿಪ್ಪೀನ್ಸಿನವಳು. ವಸಂತನ ಆಪರೇಷನ್ ಥಿಯೇಟರಿನಲ್ಲಿ ವರ್ಷಾನುಗಟ್ಟಲೆ ನರ್ಸಾಗಿದ್ದವಳು. ಅವನು ಕೈ ಚಾಚಿದರೆ ಬಾಯಿ ಬಿಡುವ ಮುಂಚೆಯೇ ಸರಿಯಾದ ಕತ್ತರಿ ಕೈಗೆ ಬರುತ್ತಿತ್ತಂತೆ. ಈಗ ಸಂಜೆ ಹೊತ್ತು ಮಾತಾಡಿಸಲು ಬರುತ್ತಾಳೆ. ಅವನು ಅಭ್ಯಾಸಬಲದಿಂದ ಕೈ ಚಾಚುತ್ತಾನೆ. ಟೀವಿಯ ರಿಮೋಟು ಬರುತ್ತದೆ.

ಒಂದು ಸಂಜೆ ಅವಳು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ಒಂದು ತೋಳಿಲ್ಲದ ಅಂಗಿಯ ಚಿತ್ರ. ಅಂಗಿಯ ತುಂಬ ಕಪ್ಪು ಮಸಿಯಲ್ಲಿ ಏನೋ ಮಂತ್ರಾಕ್ಷರ, ತ್ರಿಕೋನದೊಳಗೊಂದು ಕಣ್ಣು, ಮುಖವಿರುವ ಸೂರ್ಯ, ಕೆಳಗೆ ಮೂರು ಕಾಲಿನ ಒಂದು ಹುಂಜ.

"ನನ್ನ ಮುತ್ತಜ್ಜನದು," ಎಂದಳು. (ಅವಳು ಮಾತಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡದ ಜವಾಬ್ದಾರಿ ನನ್ನದು.)

"ಹೇಗೆ ಗೊತ್ತು?"

"ಹುಂಜಕ್ಕೆ ಮೂರು ಕಾಲಿದೆಯಲ್ಲ. ಕೋಳಿ ಅಂಕ ಆಡಿಸ್ತಿದ್ದವನು. ತನ್ನ ಹುಂಜಕ್ಕೆ ಬೇರೆಯವರ ಹುಂಜಕ್ಕಿಂತ ಒಂದು ಕಾಲು ಜಾಸ್ತಿ ಅಂತ ಅವನ ನಂಬಿಕೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು."

ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುವವರ ನಾಡಿನಿಂದ ಬಂದ ನಾನು ಈ ಸಾಕ್ಷ್ಯವನ್ನು ತಕ್ಷಣ ಅಂಗೀಕರಿಸಿದೆ.

ಅವಳು ಹೇಳಿದ ಕಥೆ ಇಷ್ಟು. ಶತಮಾನಗಳ ಕಾಲ ತಮ್ಮನ್ನು ಆಳಿದ ಸ್ಪೇನಿನವರ ಮೇಲೆ ಅಲ್ಲಿನ ಜನ ತಿರುಗಿಬಿದ್ದರು. ಕತ್ತಿ, ಕುಡುಗೋಲು, ಎಲ್ಲೋ ಒಂದೊಂದು ಬಂದೂಕು. ನಮ್ಮಲ್ಲಿ ತಾಯತ ಕಟ್ಟಿಕೊಂಡರೆ, ಅವರು ತಾಯತವನ್ನೇ ಹೊಲಿಸಿ ತೊಟ್ಟುಕೊಂಡರು. ವ್ರತ ಕೆಡದೆ ತೊಟ್ಟವನಿಗೆ ಗುಂಡು ತಾಗುವುದಿಲ್ಲ ಎಂದು ಶಾಸ್ತ್ರ. ಗೆಲ್ಲುವ ಹೊತ್ತಿಗೆ ಅಮೆರಿಕದವರು ಸಹಾಯಕ್ಕೆಂದು ಬಂದರು. ಸಹಾಯ ಮುಗಿಯಿತು, ಅವರು ಹೋಗಲಿಲ್ಲ. ಸ್ಪೇನಿನವರು ಆ ದೇಶವನ್ನು ಅಮೆರಿಕದವರಿಗೆ ಕ್ರಯ ಮಾಡಿಕೊಟ್ಟರು. ಜನ ಮತ್ತೆ ಕತ್ತಿ ಹಿಡಿದರು, ಈ ಸಲ ಹೊಸಬರ ಮೇಲೆ.

ಇಲ್ಲಿ ನಾನು ಅಧಿಕೃತವಾಗಿ ಆಕ್ಷೇಪ ಎತ್ತಿದೆ. ಊರಿಗೆ ಊರೇ ಬಂಡಾಯಗಾರರ ವಶದಲ್ಲಿತ್ತು. ಅವರು ಸ್ವತಂತ್ರರಾದೆವೆಂದು ಸಾರಿಯೂ ಆಗಿತ್ತು. ಸ್ವಾಧೀನದಲ್ಲಿಲ್ಲದ ಸ್ವತ್ತನ್ನು ಸ್ಪೇನಿನವರು ಮಾರಿದ್ದು ಹೇಗೆ? ನನ್ನ ಕಚೇರಿಗೆ ಇಂಥ ಪತ್ರ ಬಂದಿದ್ದರೆ ಪಾರ್ಟಿಗಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಊಟಕ್ಕೆ ಹೋಗಿಬಿಡುತ್ತಿದ್ದೆ.

"ನಿಮ್ಮಂಥವರು ಆಗ ಇರಬೇಕಿತ್ತು," ಎಂದಳು ರೆಮಿ. ಅದು ಹೊಗಳಿಕೆಯೋ ಅಲ್ಲವೋ ಇಂದಿಗೂ ತೀರ್ಮಾನವಾಗಿಲ್ಲ.

ಮುತ್ತಜ್ಜ ಸತ್ತದ್ದು ಅಮೆರಿಕದವರ ಗುಂಡಿಗೆ. ಬದುಕಿ ಬಂದ ಜೊತೆಗಾರನೊಬ್ಬ ಊರಿನಲ್ಲಿ ಹೇಳಿದನಂತೆ: ಅವನು ಓಡಿಹೋಗುತ್ತಿದ್ದ, ಬೆನ್ನಿಗೆ ಬಿತ್ತು, ವ್ರತ ಮುರಿದಿದ್ದ, ಅದಕ್ಕೇ ಅಂಗಿ ಕೈಕೊಟ್ಟಿತು. ಒಂದೇ ಗುಂಡಿಗೆ ಎರಡು ಅಪವಾದ. ಬತಾಂಗಾಸ್ ಸೀಮೆಯ ಅವರ ಊರಿನಲ್ಲಿ ಗಡಿ ತಕರಾರಾಗಲಿ, ಮದುವೆ ಮಾತಾಗಲಿ, ಇವತ್ತಿಗೂ ಇವರ ಮನೆಗೆ "ಓಡಿದವನ ಮನೆ" ಎಂದೇ ಹೆಸರು.

"ಈ ಅಂಗಿ ಆಸ್ಟಿನ್ನಿನಲ್ಲಿ ಒಬ್ಬ ಮುದುಕಿಯ ಗೋಡೆ ಮೇಲಿದೆ. ಅವಳ ಚರ್ಚಿನ ಪ್ರದರ್ಶನದಲ್ಲಿ ನಮ್ಮವನೊಬ್ಬ ನೋಡಿ ಫೋಟೋ ಕಳಿಸಿದ. ಎದುರುಗಡೆ ತೂತಿಲ್ಲ. ಹಿಂದುಗಡೆ ನಾನು ನೋಡಬೇಕು," ಎಂದಳು. ಫೋನನ್ನು ಚೀಲಕ್ಕೆ ಹಾಕಿದಳು. "ನನ್ನ ಅಣ್ಣ ಬೆನ್ ಡಲ್ಲಾಸಿನಲ್ಲಿದ್ದಾನೆ. ಮುಂದಿನ ವಾರ ಅವನಿಗೆ ಬೈಪಾಸ್. ಟೇಬಲ್ ಮೇಲೆ ಮಲಗೋ ಮುಂಚೆ ಗೊತ್ತಾಗ್ಬೇಕು ಅಂತಾನೆ. ಯಾಕೆ ಅಂತ ಕೇಳಿದರೆ, ಮೇಲೆ ಹೋದಾಗ ಮುತ್ತಜ್ಜನನ್ನ ಏನಂತ ಮಾತಾಡಿಸಲಿ ಅಂತಾನೆ."

ವಸಂತ ಕೈ ಚಾಚಿದ. ರೆಮಿ ಕಾರಿನ ಕೀಲಿ ಕೊಟ್ಟಳು.

ದಾರಿ

ನಾದಿನಿಗೆ ಮಂಡಿನೋವು, ಬರಲಿಲ್ಲ. ನನ್ನ ಹೆಂಡತಿ ಶಾರದೆ ಹೊರಟಳು. ಅಂಗಿಯ ಮೇಲಿನ ಆಸಕ್ತಿಯಿಂದಲ್ಲ, ಪುಳಿಯೋಗರೆ ಕಲಸಿ ಆಗಿತ್ತು.

ಟೆಕ್ಸಾಸಿನಲ್ಲಿ ದಾರಿ ಎಂದರೆ ನೇರ. ರಾಯಚೂರಿನ ಬಿಸಿಲು ಹೊರಗೆ, ಊಟಿಯ ಚಳಿ ಕಾರೊಳಗೆ. ನಾನು ಮಂಕಿ ಟೋಪಿ ಹಾಕಿಕೊಂಡು ಕೂತೆ. ಪೆಟ್ರೋಲು ಹಾಕಿಸಲು ನಿಂತಲ್ಲಿ ಒಂದು ಅಂಗಡಿ ಇತ್ತು. ಅದರೊಳಗೆ ನಮ್ಮ ದೇವರಾಜ ಮಾರುಕಟ್ಟೆಯನ್ನು ಇಳಿಸಿ, ಮಿಕ್ಕ ಜಾಗದಲ್ಲಿ ಎತ್ತಿನ ಸಂತೆ ನಡೆಸಬಹುದು. ಬಾಗಿಲಲ್ಲಿ ಗುರುತು ಪರಿಚಯವಿಲ್ಲದ ಒಬ್ಬ ದೊಡ್ಡ ಟೋಪಿಯವನು ಬಾಗಿಲು ಹಿಡಿದು ನಿಂತು, ಹೇಗಿದ್ದೀರಿ ಎಂದು ಕೇಳಿದ. ನಾನು ರಕ್ತದೊತ್ತಡದಿಂದ ಶುರುಮಾಡಿದೆ. ಅವನು ಅಷ್ಟರಲ್ಲಿ ಹೊರಟುಹೋಗಿದ್ದ. ಇವರ ಪದ್ಧತಿಯಲ್ಲಿ ಅದು ಪ್ರಶ್ನೆಯಲ್ಲವಂತೆ.

ಇನ್ನೊಂದು ಪದ್ಧತಿ. ಊಟದ ಹೋಟೆಲೊಂದರ ಬಾಗಿಲಲ್ಲಿ ಬಂದೂಕನ್ನು ಒಳಗೆ ತರಕೂಡದೆಂದು ಬೋರ್ಡು ಹಾಕಿದ್ದರು, ನಮ್ಮಲ್ಲಿ ಚಪ್ಪಲಿ ಹೊರಗೆ ಬಿಡಿ ಎಂದು ಹಾಕಿರುವ ಹಾಗೆ. ನಮ್ಮಲ್ಲಿ ಆ ಬೋರ್ಡಿದ್ದ ಕಡೆ ಚಪ್ಪಲಿ ಕಳುವಾಗುತ್ತದೆ. ಇಲ್ಲಿ ಏನಾಗುತ್ತದೆ ಎಂದು ವಸಂತನನ್ನು ಕೇಳಿದೆ.

"ಸುಮ್ನೆ ಊಟ ಮಾಡಿ ಭಾವ," ಎಂದ.

ದಾರಿಯಲ್ಲಿ ನಾನು ರೆಮಿಗೆ ವೀರಗಲ್ಲಿನ ಬಗ್ಗೆ ಹೇಳಿದೆ. ನಮ್ಮ ಕಡೆ ಊರು ಕಾದು ಸತ್ತವನಿಗೆ, ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸುತ್ತಿದ್ದರು. ಕಲ್ಲಿನಲ್ಲಿ ಅವನು ಸದಾ ಎದುರಿಗೆ ನಿಂತೇ ಬಾಣ ತಿನ್ನುತ್ತಾನೆ. ಬೆನ್ನಿಗೆ ಬಾಣ ನೆಟ್ಟ ವೀರಗಲ್ಲು ನಾನು ಒಂದೂ ನೋಡಿಲ್ಲ.

"ಯಾರಿಗೂ ಬೆನ್ನಿಗೆ ಬೀಳಲೇ ಇಲ್ಲವಾ?" ಎಂದಳು.

"ಬಿದ್ದವರಿಗೆ ಕಲ್ಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಶಾರದೆ ನನ್ನ ತೊಡೆ ಚಿವುಟಿ, "ರೀ, ನಿಮ್ಗೆ ಎಲ್ಲಿ ಏನು ಮಾತಾಡ್ಬೇಕು ಅನ್ನೋದು ಯಾವತ್ತು ಗೊತ್ತಾಗೋದು?" ಎಂದಳು. ಇದಕ್ಕೆ ಉತ್ತರ ಕೊಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಆಸ್ಟಿನ್

ಆಸ್ಟಿನ್ನಿನಲ್ಲಿ ಒಂದು ಸೇತುವೆಯ ಕೆಳಗೆ ಲಕ್ಷಗಟ್ಟಲೆ ಬಾವಲಿಗಳಿವೆ. ಅವು ಹೊರಡುವುದನ್ನು ನೋಡಲು ಜನ ಮಕ್ಕಳುಮರಿಯೊಂದಿಗೆ ಬಂದು ಕೂರುತ್ತಾರೆ. ನಮ್ಮೂರ ಆಲದ ಮರದ ಕೆಳಗೆ ಆ ಹೊತ್ತಿನಲ್ಲಿ ಹಾದುಹೋಗುವವರು ತಲೆಗೆ ಟವಲು ಹಾಕಿಕೊಳ್ಳುತ್ತಾರೆ. ಸೌಂದರ್ಯಪ್ರಜ್ಞೆ ಎಂದರೆ ಇದೇ ಇರಬೇಕು.

ಡೋರಿಸ್ ಎಂಬ ಆ ಮುದುಕಿಯ ಮನೆ ಊರಂಚಿನಲ್ಲಿ. ಎಂಬತ್ತು ದಾಟಿದ್ದಾಳೆ, ನೆಟ್ಟಗಿದ್ದಾಳೆ. ಮನೆಯೊಳಗೂ ಬೂಟು ಹಾಕಿಕೊಂಡೇ ಓಡಾಡುತ್ತಾಳೆ. ಶಾರದೆ ಆ ಬೂಟನ್ನು ನೋಡಿದ ರೀತಿಗೆ ನಾನು ಜಾಮೀನು ಕೊಡಲಾರೆ. ನಮಗೆಲ್ಲ ಐಸು ಹಾಕಿದ ಟೀ ಕೊಟ್ಟಳು. ಸಕ್ಕರೆಯ ಪ್ರಮಾಣದಲ್ಲಿ ಅದು ರಾಮನವಮಿಯ ಪಾನಕ. ಏಲಕ್ಕಿ ಮಾತ್ರ ಮರೆತಿದ್ದಾರೆ.

ಅಂಗಿ ಗೋಡೆಯ ಮೇಲಿತ್ತು. ಗಾಜಿನ ಕಟ್ಟು, ಎರಡೂ ಪಕ್ಕೆಗಳನ್ನು ಒಳಕ್ಕೆ ಮಡಿಚಿ, ಎದೆಭಾಗ ಮಾತ್ರ ಕಾಣುವಂತೆ. ಹಿಂದುಗಡೆ ದಪ್ಪ ಕಂದು ಕಾಗದ ಅಂಟಿಸಿ ಮುಚ್ಚಿತ್ತು. ರೆಮಿ ಅದರ ಮುಂದೆ ನಿಂತಳು. ಹುಂಜದ ಕಾಲುಗಳನ್ನು ಬೆರಳಿನಿಂದ ಎಣಿಸಿದಳು. ಮೂರೇ ಇದ್ದವು.

"ನನ್ನ ಅಜ್ಜ ಆ ಯುದ್ಧಕ್ಕೆ ಹೋಗಿದ್ದ, ಹನಿ," ಎಂದಳು ಡೋರಿಸ್. ಅವಳಿಗೆ ನಾವು ಎಲ್ಲರೂ ಹನಿಯೇ, ಎಂದರೆ ಜೇನು, ನಾನೂ ಸೇರಿ. "ಅಲ್ಲಿನ ಹುಡುಗನೊಬ್ಬ ಅವನಿಗೆ ಸ್ನೇಹಿತನಾಗಿದ್ದನಂತೆ. ಹೊರಡುವಾಗ ಅಜ್ಜ ಅವನಿಗೆ ತಂಬಾಕು ಕೊಟ್ಟ, ಅವನು ಇದನ್ನ ಕೊಟ್ಟ. ಇದಕ್ಕೆ ಕಟ್ಟು ಹಾಕಿಸಿದ್ದು ನನ್ನಪ್ಪ."

ಸಬ್ ರಿಜಿಸ್ಟ್ರಾರಿಕೆಯಲ್ಲಿ ಇದಕ್ಕೆ ವಿನಿಮಯ ಎನ್ನುತ್ತೇವೆ. ಆದರೆ ಎರಡನೆಯ ಪಾರ್ಟಿ ಹಾಜರಿರಲಿಲ್ಲ.

"ಆ ಹುಡುಗ ನನ್ನ ಮುತ್ತಜ್ಜ," ಎಂದಳು ರೆಮಿ. "ಅವನು ಮನೆಗೆ ವಾಪಸು ಬರಲಿಲ್ಲ. ನಿಮ್ಮ ಅಪ್ಪಣೆಯಿದ್ದರೆ ಹಿಂದಿನ ಕಾಗದ ಬಿಚ್ಚಿ ನೋಡ್ತೀನಿ. ತೂತಿದೆಯಾ ಅಂತ."

ಡೋರಿಸ್ ತನ್ನ ಟೀ ಲೋಟವನ್ನು ಕೆಳಗಿಟ್ಟಳು. ಅವಳು ದಡ್ಡಿಯಲ್ಲ. ತೂತಿದ್ದರೆ ತಂಬಾಕಿನ ಕಥೆ ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನನ್ನನ್ನ ಸಾಕಿದ್ದು ಆ ಅಜ್ಜ. ಕುದುರೆ ಹತ್ತಿಸಿದ್ದು ಅವನು. ನಾನು ಬಿದ್ದಾಗ ಅತ್ತವನು ಅವನು, ನಾನಲ್ಲ. ಇಷ್ಟು ವರ್ಷ ಇದರ ಬೆನ್ನು ನಾನು ನೋಡಿಲ್ಲ. ನೋಡೋದೂ ಇಲ್ಲ."

ರೆಮಿಯ ಮುಖ ನೋಡಲಾಗದೆ ನಾನು ಸೂರು ನೋಡಿದೆ. ಇಷ್ಟು ದೂರ ಬಂದದ್ದು ಪಾನಕ ಕುಡಿಯಲಿಕ್ಕೇ ಎಂದುಕೊಳ್ಳುವಷ್ಟರಲ್ಲಿ ಡೋರಿಸ್ ಎದ್ದು, ಕುರ್ಚಿ ಎಳೆದುಕೊಂಡು, ಯಾರ ಸಹಾಯವನ್ನೂ ಒಲ್ಲದೆ ಕಟ್ಟನ್ನು ಗೋಡೆಯಿಂದ ಇಳಿಸಿದಳು.

"ತಗೊಂಡು ಹೋಗು. ನಿನ್ನದೇ. ನಿನ್ನವರ ಮುಂದೆ ಬಿಚ್ಚು. ತೂತಿದ್ದರೆ ನನಗೆ ಹೇಳಬೇಡ. ತೂತಿಲ್ಲದಿದ್ದರೂ ಹೇಳಬೇಡ."

"ಇಲ್ಲದಿದ್ದರೆ ಹೇಳಬಹುದಲ್ಲ?" ಎಂದ ವಸಂತ.

"ಆಗ ಇವಳು ಸುಮ್ಮನಿದ್ದರೆ ನನಗೆ ಗೊತ್ತಾಗಿಬಿಡುತ್ತೆ, ಹನಿ."

ಇಂಥ ಬಿಗಿಯಾದ ಷರತ್ತನ್ನು ನಾನು ವಕೀಲರ ಕರಡುಗಳಲ್ಲೂ ಕಂಡಿಲ್ಲ. ರೆಮಿ ಆಗಲಿ ಎಂದಳು. ಗೋಡೆಯ ಮೇಲೆ ಬಣ್ಣ ಮಾಸದ ಒಂದು ಚೌಕ ಉಳಿಯಿತು. ಡೋರಿಸ್ ನಮ್ಮನ್ನು ಬೀಳ್ಕೊಡಲು ಹೊರಗೆ ಬರಲಿಲ್ಲ. ಆ ಚೌಕದ ಎದುರು ಕುರ್ಚಿ ತಿರುಗಿಸಿಕೊಂಡು ಕೂತಳು.

ಮತ್ತೆ ದಾರಿ

ಕಾರಿನ ಹತ್ತಿರ ಒಂದು ಗಂಭೀರ ಸಮಸ್ಯೆ ಎದುರಾಯಿತು. ಕಟ್ಟು ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಇತ್ತು.

"ಸತ್ತವರ ಮೈಮೇಲಿದ್ದ ಬಟ್ಟೆ," ಎಂದಳು ಶಾರದೆ ಕನ್ನಡದಲ್ಲಿ. "ಊಟದ ಪಕ್ಕ ಹೇಗಿಡೋದು?"

"ಗಾಜಿದೆಯಲ್ಲೇ."

"ಗಾಜಿಗೆ ಮೈಲಿಗೆ ತಟ್ಟಲ್ಲ ಅಂತ ಎಲ್ಲಿ ಬರ್ದಿದೆ?"

ಎಲ್ಲೂ ಬರೆದಿಲ್ಲ. ಏನು ಗಲಾಟೆ ಎಂದು ರೆಮಿ ಕೇಳಿದಳು. ವಸಂತ, ಅಮೆರಿಕದಲ್ಲಿ ನಲವತ್ತು ವರ್ಷ ಡಾಕ್ಟರಿಕೆ ಮಾಡಿದವನು, ಮುಖ ಕೆಂಪಗೆ ಮಾಡಿಕೊಂಡು, ಯಾವ ಬಟ್ಟೆಯದು ಎಂದು ಮಾತ್ರ ಕೇಳಿದ.

"ಅಬಕಾ. ನಮ್ಮ ಕಡೆಯ ಬಾಳೆಗಿಡದ ನಾರು. ಮನೆಯಲ್ಲೇ ನೇಯ್ದಿದ್ದು."

ವಸಂತ ತರ್ಜುಮೆ ಮಾಡಿದ. ಶಾರದೆಯ ಮುಖ ಅರಳಿತು. "ಬಾಳೆನಾರಾ? ಮೊದ್ಲೇ ಹೇಳ್ಬಾರ್ದಾ! ದೇವರ ಹೂ ಕಟ್ಟೋದು ಅದ್ರಲ್ಲೇ ಅಲ್ವಾ. ಅದು ನಾರುಮಡಿ ಇದ್ದ ಹಾಗೆ. ಮೈಲಿಗೆನೇ ಇಲ್ಲ."

ಹೀಗೆ ಬತಾಂಗಾಸಿನ ಆ ಬಂಡಾಯಗಾರ, ಕೋಳಿ ಅಂಕದ ಜೂಜುಕೋರ, ಒಂದೇ ತೀರ್ಪಿನಿಂದ ಮಡಿಯಾದ. ಅವನನ್ನು ನನ್ನ ಮತ್ತು ಶಾರದೆಯ ನಡುವೆ ಕೂರಿಸಿ ಸೀಟ್ ಬೆಲ್ಟ್ ಹಾಕಲಾಯಿತು. ಪುಳಿಯೋಗರೆ ಅವನಿಗೆ ಒರಗಿಕೊಂಡಿತು. ದಾರಿಯುದ್ದಕ್ಕೂ ರೆಮಿ ಮುಂದಿನ ಸೀಟಿನಿಂದ ಕೈ ಹಿಂದೆ ಚಾಚಿ ಕಟ್ಟಿನ ಮೂಲೆಯನ್ನು ಹಿಡಿದಿದ್ದಳು. ಬೆನ್ನಲ್ಲಿ ತೂತಿದ್ದರೆ ಏನು ಮಾಡುತ್ತೀಯ ಎಂದು ಕೇಳಬೇಕೆನ್ನಿಸಿತು. ಈ ಬಾರಿ ಚಿವುಟಿಸಿಕೊಳ್ಳದೆ ಸುಮ್ಮನಾದೆ.

ಡಲ್ಲಾಸ್

ಬೆನ್ ಅಮೆರಿಕದ ನೌಕಾದಳದ ಅಡುಗೆಮನೆಯಲ್ಲಿ ದುಡಿದು ನಿವೃತ್ತನಾದವನು. ಮುತ್ತಜ್ಜನಿಗೆ ಗುಂಡು ಹೊಡೆದ ಸರ್ಕಾರವೇ ಮರಿಮಗನಿಗೆ ಪೆನ್ಷನ್ ಕೊಡುತ್ತಿದೆ. ಇದನ್ನು ಅವನೇ ಹೇಳಿ ನಕ್ಕ. ರೆಮಿ ಅವನನ್ನು ಕುಯಾ ಎನ್ನುತ್ತಾಳೆ. ಅವರಲ್ಲಿ ಅಣ್ಣ ಎಂದು ಅರ್ಥ. ಹೆಂಡತಿ ತೀರಿಕೊಂಡಿದ್ದಾಳೆ. ಮನೆ ತುಂಬ ಹಡಗಿನ ಚಿತ್ರಗಳು.

"ನನಗೇನೂ ಇದರ ಮೇಲೆ ನಂಬಿಕೆಯಿಲ್ಲ," ಎಂದು ಸಾರಿ, ಊಟದ ಮೇಜನ್ನು ತಾನೇ ಒರೆಸಿ, ಬಿಳಿ ಬಟ್ಟೆ ಹಾಸಿ ಇಟ್ಟಿದ್ದ.

ವಸಂತ ಕೈ ಚಾಚಿದ. ರೆಮಿ ತರಕಾರಿ ಹೆಚ್ಚುವ ಚಾಕು ಕೊಟ್ಟಳು. ಹಿಂದಿನ ಕಾಗದ ಸೀಳಿತು. ಧೂಳು, ಒಂದು ಸತ್ತ ಜಿರಲೆ, ಆಮೇಲೆ ಅಂಗಿಯ ಬೆನ್ನು. ಅಲ್ಲೂ ಉದ್ದಕ್ಕೂ ಮಂತ್ರಾಕ್ಷರ, ಇನ್ನೊಂದು ಕಣ್ಣು. ರೆಮಿ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಬೆರಳಾಡಿಸಿದಳು. ಮತ್ತೆ ಕೆಳಗಿಂದ ಮೇಲೆ.

"ಇಲ್ಲ," ಎಂದಳು.

ಬೆನ್ ಕುರ್ಚಿಯಲ್ಲಿ ಕೂತುಬಿಟ್ಟ. "ಸರಿಯಾಗಿ ನೋಡು."

"ಇಲ್ಲ ಕುಯಾ. ಬೆನ್ನಲ್ಲಿ ಇಲ್ಲ."

ಆಮೇಲೆ ಅವಳು ಮಡಿಚಿದ್ದ ಪಕ್ಕೆಗಳನ್ನು ಬಿಡಿಸಿದಳು. ಬಲಗಡೆ ಏನಿಲ್ಲ. ಎಡಗಡೆ, ಕಂಕುಳ ಕೆಳಗೆ, ಅವಳ ಬೆರಳು ನಿಂತಿತು. ಒಂದು ಕಂದು ಕಲೆ. ಅದರ ನಡುವೆ ನಾಣ್ಯದಷ್ಟಗಲ ರಫೂ. ಬಿಳಿ ನೂಲಿನ ಅಷ್ಟು ಸಣ್ಣ, ಅಷ್ಟು ಒತ್ತಾದ ಹೊಲಿಗೆ.

"ಗುಂಡು ಇಲ್ಲಿ ಬಿದ್ದಿದೆ," ಎಂದಳು. ಧ್ವನಿ ಆಪರೇಷನ್ ಥಿಯೇಟರಿನದು. "ಕಲೆಯ ಮೇಲೆ ಹೊಲಿದಿದ್ದಾರೆ, ದಾರ ಮಾತ್ರ ಶುಭ್ರವಾಗಿದೆ. ಅಂದರೆ ಅವನು ಸತ್ತ ಮೇಲೆ ಹೊಲಿದದ್ದು. ನಮ್ಮ ಮನೆಗೆ ಅಂಗಿ ವಾಪಸು ಬರಲೇ ಇಲ್ಲ. ಇದನ್ನ ಹೊಲಿದದ್ದು ಆ ಮನೆಯವಳು. ಡೋರಿಸಳ ಅಜ್ಜಿ."

ಸಿಪಾಯಿ ತಂಬಾಕಿನ ಕಥೆ ಹೇಳಿರಬೇಕು. ಅವನ ಹೆಂಡತಿ ಸೂಜಿ ದಾರ ತಂದಿರಬೇಕು. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

"ಕಂಕುಳಲ್ಲಿ ಹೇಗೆ ಬೀಳುತ್ತೆ?" ಎಂದ ಬೆನ್. ಎದ್ದು ನಿಂತು ಎಡಗೈ ಎತ್ತಿದ. "ಕೈ ಎತ್ತಿದ್ದರೆ ಮಾತ್ರ! ಕತ್ತಿ ಬೀಸ್ತಿದ್ದ!"

"ಎಡಗೈಲಿ ಕತ್ತಿಯಾ?" ಎಂದೆ ನಾನು.

"ನಾನೂ ಎಡಚ. ನಮ್ಮ ವಂಶವೇ ಎಡಚ."

ವಸಂತನೂ ಕೈ ಎತ್ತಿ ನೋಡಿದ. "ಶರಣು ಅಂತ ಕೈ ಎತ್ತಿದ್ದರೂ ಇಲ್ಲೇ ಬೀಳುತ್ತೆ," ಎಂದ ಮೆಲ್ಲಗೆ. ಡಾಕ್ಟರುಗಳಿಗೆ ಇದೊಂದು ಕಾಯಿಲೆ. ಅಷ್ಟು ಹೊತ್ತಿಗೆ ನಾನೂ ರೆಮಿಯೂ ಕೈ ಎತ್ತಿದ್ದೆವು. ನಾಲ್ಕು ಜನ ಅರವತ್ತು ದಾಟಿದವರು ಮೇಜಿನ ಸುತ್ತ ಎಡಗೈ ಎತ್ತಿ ನಿಂತಿದ್ದುದನ್ನು ಶಾರದೆ ಸ್ವಲ್ಪ ಹೊತ್ತು ನೋಡಿದಳು.

"ಏನಂತೆ?"

ಹೇಳಿದೆ.

"ಎರಡರಲ್ಲೂ ಓಡ್ಲಿಲ್ವಲ್ಲ," ಎಂದು ಅಡುಗೆಮನೆಗೆ ಹೋದಳು, ತಟ್ಟೆ ಹುಡುಕಲು.

ಬೆನ್ನನಿಗೆ ಇನ್ನೂ ಸಮಾಧಾನವಿರಲಿಲ್ಲ. ಓಡುವವನ ಕೈ ಎಲ್ಲಿರುತ್ತದೆ ಎಂದು ತೋರಿಸಲು ಸೋಫಾದ ಸುತ್ತ ಓಡಹೊರಟ. ಬೈಪಾಸಿಗೆ ಕಾದಿರುವ ಮನುಷ್ಯ! ರೆಮಿ ಅವನ ಅಂಗಿ ಹಿಡಿದೆಳೆದು ಕೂರಿಸಿದಳು.

"ವ್ರತದ ಮಾತು?" ಎಂದ ಅವನು ಏದುಸಿರು ಬಿಡುತ್ತ. "ಅಂಗಿ ಕೈಕೊಟ್ಟಿತಲ್ಲ."

ಇಲ್ಲಿ ನನ್ನ ಮೂವತ್ತು ವರ್ಷದ ಸೇವೆ ಉಪಯೋಗಕ್ಕೆ ಬಂತು. ನಮ್ಮಲ್ಲಿ ಜಮೀನಿನ ಪತ್ರಕ್ಕೆ ಚೆಕ್ಕುಬಂದಿ ಬರೆಯುತ್ತಾರೆ: ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು, ನಾಲ್ಕೂ ದಿಕ್ಕು. ಒಂದು ದಿಕ್ಕು ಬಿಟ್ಟರೆ ಒತ್ತುವರಿ ಆ ಕಡೆಯಿಂದಲೇ ಬರುತ್ತದೆ. ನಾನು ಅಂಗಿ ತೋರಿಸಿದೆ. ಎದೆಯ ಮೇಲೆ ಮಂತ್ರವಿದೆ, ಬೆನ್ನ ಮೇಲಿದೆ. ಪಕ್ಕೆಯಲ್ಲಿ ಒಂದಕ್ಷರವಿಲ್ಲ. ಬರೀ ನಾರು.

"ಪಕ್ಕೆ ಪತ್ರದಲ್ಲಿ ಸೇರಿಲ್ಲ. ಅಂಗಿಯದೂ ತಪ್ಪಲ್ಲ, ತೊಟ್ಟವನದೂ ತಪ್ಪಲ್ಲ. ಬರೆದವನು ಚೆಕ್ಕುಬಂದಿ ಪೂರ್ತಿ ಹಾಕಿಲ್ಲ."

ಬೆನ್ ಆ ಬರಿಯ ಪಕ್ಕೆಯ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ ಫೋನು ತೆಗೆದು ಊರಿನ ಸೋದರಸಂಬಂಧಿಗೆ ಮಾತಾಡಿದ, ಅವರ ಭಾಷೆಯಲ್ಲಿ, ಕೂಗಿ ಕೂಗಿ. ನಡುನಡುವೆ ಎಡಗೈ ಎತ್ತುತ್ತಿದ್ದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡ, ಬೈಪಾಸಿನವರಿಗೆ ಅಷ್ಟು ಎಣ್ಣೆ ಕೂಡದೆಂದು ಇಬ್ಬರು ಪರಿಣತರು ಹೇಳಿದರೂ.

ಮಾರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ರೆಮಿಯ ಫೋನು ಬಡಿದುಕೊಂಡಿತು. ಡೋರಿಸ್. ಎಲ್ಲರಿಗೂ ಕೇಳುವ ಹಾಗೆ ರೆಮಿ ಅದನ್ನು ಮೇಜಿನ ಮೇಲಿಟ್ಟಳು.

"ಸುಖವಾಗಿ ಮುಟ್ಟಿದಿರಾ, ಹನಿ?"

"ಮುಟ್ಟಿದೆವು."

"ದಾರಿಯಲ್ಲಿ ಮಳೆಯೇನಾದರೂ?"

"ಇಲ್ಲ."

"ನಿನ್ನ ಅಣ್ಣ?"

"ಚೆನ್ನಾಗಿದ್ದಾನೆ. ರಾತ್ರಿ ನಿದ್ದೆ ಮಾಡಿದನಂತೆ."

ಆ ಕಡೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಹೇಳಬೇಡವೆಂದು ತಾನೇ ಷರತ್ತು ಹಾಕಿದವಳು ಈಗ ಕೇಳಲೂ ಆರಳು, ಫೋನು ಇಡಲೂ ಆರಳು. ರೆಮಿ ಅಂಗಿಯ ಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಬೆನ್ ಬೇಡ ಎಂಬಂತೆ ತಲೆಯಾಡಿಸಿದ.

"ಡೋರಿಸ್," ಎಂದಳು ರೆಮಿ. "ನಿಮ್ಮ ಅಜ್ಜಿಯ ಹೊಲಿಗೆ ತುಂಬ ಅಚ್ಚುಕಟ್ಟು."

ಫೋನು ಇಟ್ಟಳೇನೋ ಎಂದುಕೊಂಡೆವು.

"ಹೌದು," ಎಂದಳು ಕೊನೆಗೆ. "ಕೈ ಒಳ್ಳೆಯದಿತ್ತು ಅವಳದು."